ಉಳಿದುಹೋದ ಸ್ಲೈಡು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಹೊಲಿಗೆ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಸೀಳಿದ ತುಟಿ, ಹರಿದ ಹುಬ್ಬು, ಗಾಜು ಹೊಕ್ಕ ಅಂಗಾಲು, ಏನೇ ಬರಲಿ, ತುರ್ತು ವಿಭಾಗದಲ್ಲಿ ಗಾಯ ತೊಳೆದು ಹೊಲಿಗೆ ಹಾಕುವ ಕೆಲಸ ಅವಳದು. "ಮನೇಲಿ ಒಂದು ಗುಂಡಿ ಹೊಲಿ ಅಂದ್ರೆ ಮೂಗು ಮುರೀತಾಳೆ, ಅಲ್ಲಿ ಹೋಗಿ ಊರೋರ ಮೈಯೆಲ್ಲ ಹೊಲೀತಾಳೆ" ಎಂದು ಅವಳಮ್ಮ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ವರ್ಷಗಟ್ಟಲೆ ಗಾಯಗಳನ್ನೇ ನೋಡಿ ಸಿಸ್ಟರಿಗೆ ಒಂದು ವಿಷಯ ಖಚಿತವಾಗಿತ್ತು. ಬಿದ್ದ ಗಾಯ ಬೇರೆ, ಬಡಿದ ಗಾಯ ಬೇರೆ. ಮೆಟ್ಟಿಲಿನಿಂದ ಉರುಳಿದವಳ ಅಂಗೈ ತರಚುತ್ತದೆ, ಮೊಣಕಾಲು ಸುಲಿಯುತ್ತದೆ. ತೋಳಿನ ಒಳಮೈಯಲ್ಲಿ ಬೆರಳುಗಳ ಅಚ್ಚು ಮೂಡುವುದಿಲ್ಲ. ಆದರೂ ಬಂದವರೆಲ್ಲ "ಬಿದ್ದೆ ಸಿಸ್ಟರ್" ಎನ್ನುತ್ತಿದ್ದರು, ಬರೆದುಕೊಳ್ಳುವವರು ಅದನ್ನೇ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದರು. ಅವಳು ಒಪ್ಪಿಗೆ ಕೇಳಿ, ಮುಖ ಬಾರದ ಹಾಗೆ ಬರೀ ಗಾಯದ ಫೋಟೋ ತೆಗೆದಿಟ್ಟುಕೊಳ್ಳತೊಡಗಿದಳು. ಕೆಲವರು ಬೇಡ ಅಂದರು. ಕೆಲವರು "ಮುಖ ಬರಲ್ಲ ತಾನೆ?" ಎಂದು ಕೇಳಿ ಕೈ ಚಾಚಿದರು. ಒಂದು ಫೋಟೋಕ್ಕೆ ಒಂದು ಸ್ಲೈಡು, ಕೆಳಗೆ ಎರಡು ಸಾಲು ವಿವರ. ಹೀಗೆ ಜೋಡಿಸಿ, ಆಸ್ಪತ್ರೆಯ ಸಿಬ್ಬಂದಿಗೆಲ್ಲ ಒಂದು ಪಾಠದ ಹಾಗೆ ತೋರಿಸುವುದೆಂದು ಮುಖ್ಯ ಡಾಕ್ಟರ ಜೊತೆ ಮಾತಾಗಿತ್ತು. ಶುಕ್ರವಾರ ಮಧ್ಯಾಹ್ನ ಸಭೆ.

ಆ ವಾರದ ಮೊದಲಲ್ಲೇ ಒಂದು ಮಧ್ಯಾಹ್ನ, ಅವಳು ಡ್ಯೂಟಿ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸ್ಲೈಡುಗಳನ್ನು ಹಿಂದೆ ಮುಂದೆ ಮಾಡುತ್ತಿದ್ದಾಗ, ಇಸ್ತ್ರಿಯಕ್ಕ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಎದೆಮಟ್ಟ ಮಡಿಸಿದ ಬಟ್ಟೆ ಹೊತ್ತುಕೊಂಡಿದ್ದಳು. ಕಾಲಿನಿಂದಲೇ ಬಾಗಿಲು ಮುಚ್ಚಿ, ಬಟ್ಟೆ ಇಳಿಸಿ, ನಿಂತಲ್ಲೇ ನಿಂತಳು.

"ಸಿಸ್ಟರ್, ಅದರಲ್ಲಿ ನನ್ನ ಕೈ ಐತಂತೆ."

"ಯಾರು ಹೇಳಿದ್ರು?"

"ಕಂಪ್ಯೂಟರ್ ಹುಡುಗ ಸಭೆಗೆ ಸ್ಲೈಡ್ ತೋರ್ಸೋ ಮಷಿನ್ ಜೋಡ್ಸಿ ನೋಡುವಾಗ ಕಂಡ್ನಂತೆ. ಇಸ್ತ್ರಿ ಬರೆ ನೋಡಿ ಇದು ನಮ್ಮಕ್ಕನದೇ ಅಂದನಂತೆ. ಕ್ಯಾಂಟೀನ್ ತುಂಬ ಅದೇ ಮಾತು."

ಇಸ್ತ್ರಿಯಕ್ಕನ ತೋಳಿನ ಮೇಲೆ ಹಬೆಯ ಯಂತ್ರ ತಾಗಿ ಆದ ಉದ್ದನೆಯ ಬರೆಯೊಂದಿತ್ತು. ಗೆರೆ ಎಳೆದ ಹಾಗೆ ನೇರ. ಗಾಯದ ಮೇಲೆಯೇ ಕಣ್ಣಿಟ್ಟಿದ್ದ ಸಿಸ್ಟರ್ ಆ ಹಳೆಯ ಬರೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ತೆಗೆದು ಹಾಕಿ ಸಿಸ್ಟರ್. ಅವ್ರಿಗೆ ಗೊತ್ತಾದ್ರೆ ನನ್ನ ಉಳಿಸಲ್ಲ."

ಅವ್ರು ಎಂದರೆ ಅವಳ ಗಂಡ. ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವನು. ಅವನ ನಗು ಆಚೆ ವಾರ್ಡಿಗೂ ಕೇಳಿಸುತ್ತಿದ್ದುದರಿಂದ ಅವನಿಗೆ ಸೈರನ್ ಎಂದೇ ಹೆಸರು ಬಿದ್ದಿತ್ತು. ರೋಗಿಗಳನ್ನು ಸ್ಟ್ರೆಚರಿನಿಂದ ಮಗುವಿನ ಹಾಗೆ ಎತ್ತಿ ಇಳಿಸುವವನು, ಯಾರಿಗೆ ರಕ್ತ ಬೇಕಾದರೂ ತೋಳು ಮಡಚಿ ಮೊದಲು ನಿಲ್ಲುವವನು. ಆ ತೋಳು ಮನೆಯಲ್ಲಿ ಏನು ಮಾಡುತ್ತದೆ ಎಂಬುದು ಸಿಸ್ಟರಿಗೆ ಮಾತ್ರ ಗೊತ್ತಿತ್ತು.

ಅವಳು ಎಡಗಡೆಯ ಪಟ್ಟಿಯಲ್ಲಿ ಸಾಲಾಗಿ ನಿಂತ ಸಣ್ಣ ಚಿತ್ರಗಳನ್ನು ಮೇಲಕ್ಕೆಳೆದು ಹುಡುಕಿದಳು. ತೋಳು ಸಿಕ್ಕಿತು. ಅದರ ಮುಂದಿನದು ಭುಜ, ಅದೂ ಇವಳದೇ. ಎರಡನ್ನೂ ಒತ್ತಿ ಹಿಡಿದು ಆರಿಸಿಕೊಂಡು, ಅಳಿಸುವ ಗುಂಡಿ ಒತ್ತಿದಳು. ಕೆಳಗಿನ ಚಿತ್ರಗಳು ಸರಕ್ಕನೆ ಮೇಲೆ ಬಂದು ಖಾಲಿ ಜಾಗ ತುಂಬಿಕೊಂಡವು.

"ಹೋಯ್ತಾ?"

"ಹೋಯ್ತು."

"ಮತ್ತೆ ಬರಲ್ವಾ?"

ಸುಳ್ಳು ಹೇಳಲು ಸಿಸ್ಟರಿಗೆ ಮನಸ್ಸಾಗಲಿಲ್ಲ. "ಈಗ ಇದನ್ನ ಒತ್ತಿದ್ರೆ ಬರುತ್ತೆ, ನೋಡಿ" ಎಂದು ಹಿಂದಕ್ಕೆ ತರುವ ಗುಂಡಿ ಒತ್ತಿದಳು. ತೋಳು ಮತ್ತೆ ಪ್ರತ್ಯಕ್ಷವಾಯಿತು, ನೀಲಿಗಟ್ಟಿ, ಊದಿಕೊಂಡು. ಇಸ್ತ್ರಿಯಕ್ಕ ಹಾವು ಮೆಟ್ಟಿದವಳ ಹಾಗೆ ಚೀರಿ, ಕಂಪ್ಯೂಟರಿನ ಪರದೆಯನ್ನು ಎರಡೂ ಅಂಗೈಯಿಂದ ಮುಚ್ಚಿದಳು.

"ತೆಗೀರಿ! ತೆಗೀರಿ ಅಂದ್ನಲ್ಲ!"

"ತೆಗೀತೀನಿ, ಕೈ ಸರಿಸಿ. ಅಳಿಸಿ, ಸೇವ್ ಮಾಡಿ, ಮುಚ್ಚಿಬಿಟ್ರೆ ಆಮೇಲೆ ನಾನೇ ಬೇಕು ಅಂದ್ರೂ ಬರಲ್ಲ."

ಹಾಗೆಯೇ ಮಾಡಿದಳು. ಫೋನಿನಲ್ಲಿದ್ದ ಮೂಲ ಫೋಟೋಗಳನ್ನೂ ಅವಳೆದುರೇ ಅಳಿಸಿದಳು. ಇಸ್ತ್ರಿಯಕ್ಕ ಸೆರಗಿನಿಂದ ಪರದೆಯ ಮೇಲಿನ ತನ್ನ ಬೆವರಿನ ಗುರುತು ಒರೆಸಿ, ಬಟ್ಟೆ ಎತ್ತಿಕೊಂಡು ಹೋದಳು. ಸಿಸ್ಟರ್ ಉಳಿದ ಸ್ಲೈಡುಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದಳು. ಎಲ್ಲೂ ಬರೆಯಿಲ್ಲ, ಮಚ್ಚೆಯಿಲ್ಲ, ಉಂಗುರವಿಲ್ಲ. ಸದ್ಯ, ಅಂದುಕೊಂಡಳು.

ಟೀ ಲೋಟ ತುಟಿಗಿಡುವಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಮುಂದೆ ಇಸ್ತ್ರಿಯಕ್ಕ, ಅವಳ ಜಡೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಿಂದೆ ಸೈರನ್. ಅವಳ ಕೆಳತುಟಿ ಆಗಲೇ ಒಡೆದು ಗದ್ದದವರೆಗೆ ರಕ್ತ ಇಳಿದಿತ್ತು. ಅವನು ಮೊಣಕೈಯಿಂದ ಚಿಲಕ ಹಾಕಿದ.

"ಸಿಸ್ಟರ್, ಸಿನಿಮಾ ತೋರಿಸ್ತೀರಂತೆ. ನಾವೂ ನೋಡ್ಬಾರ್ದಾ?" ಎಂದು ನಕ್ಕ. ಎಲ್ಲರಿಗೂ ಪರಿಚಯವಿದ್ದ ಅದೇ ನಗು.

"ಮೊದಲು ಅವಳ ಜಡೆ ಬಿಡಿ. ಬಾಗಿಲು ತೆಗೀರಿ."

"ನನ್ನ ಹೆಂಡ್ತಿ ಫೋಟೋ ನಾನು ನೋಡ್ಬಾರ್ದು, ಊರೆಲ್ಲ ನೋಡ್ಬಹುದು. ಅಲ್ವಾ?"

ಮಾತು ಮುಗಿಯುವ ಮುಂಚೆಯೇ ಅವನ ಇನ್ನೊಂದು ಕೈ ಸಿಸ್ಟರಿನ ಕುತ್ತಿಗೆಗೆ ಬಿದ್ದಿತ್ತು. ಕುರ್ಚಿ ಉರುಳಿತು. ಬೆನ್ನು ಔಷಧದ ಬೀರುವಿಗೆ ಬಡಿದು, ಗಾಜು ಬಿರುಕು ಬಿಟ್ಟು, ಒಳಗಿನ ಬಾಟಲಿಗಳು ದಡದಡ ಉರುಳಿದವು. ಅವಳಿಗೆ ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಗಾಯಗಳ ಬಗ್ಗೆ ಅಷ್ಟು ತಿಳಿದವಳಿಗೆ, ಅದು ಆಗುವ ಹೊತ್ತಿನಲ್ಲಿ ಮೈ ಎಷ್ಟು ಹಗುರ, ಎಷ್ಟು ಕೆಲಸಕ್ಕೆ ಬಾರದ್ದು ಎಂಬುದು ಅಂದಿನವರೆಗೆ ತಿಳಿದಿರಲಿಲ್ಲ.

"ಅವ್ರನ್ನ ಬಿಡಿ, ಅವ್ರೇನು ಮಾಡಿದ್ರು" ಎಂದು ಇಸ್ತ್ರಿಯಕ್ಕ ಅವನ ತೋಳಿಗೆ ಜೋತುಬಿದ್ದಳು. ಅವನು ತಿರುಗಿಯೂ ನೋಡದೆ, ನೊಣ ಓಡಿಸುವ ಹಾಗೆ ಹಿಂಗೈಯಿಂದ ಬಾರಿಸಿದ. ಅವಳು ಹಾಸಿಗೆ ಬಟ್ಟೆಯ ರಾಶಿಯ ಮೇಲೆ ಕುಸಿದಳು. ಬಿಳಿ ಬಟ್ಟೆಗೆ ರಕ್ತ ಮೆತ್ತಿತು.

ಕುತ್ತಿಗೆ ಬಿಟ್ಟ ಮೇಲೆ ಸಿಸ್ಟರ್ ಕೆಮ್ಮುತ್ತ, ಮಂಡಿಯೂರಿಕೊಂಡೇ ಬಂದು ಫೈಲು ತೆರೆದಳು. ಇವನಿಗೆ ಏನೂ ಸಿಗದು, ನೋಡಿ ಹಾಳಾಗಿ ಹೋಗಲಿ ಎಂದೇ ತೆರೆದಳು. ಅವನು ನಿಂತುಕೊಂಡೇ ಗುಂಡಿ ಒತ್ತುತ್ತ ಹೋದ. ಬೆಲ್ಟಿನ ಗುರುತು ಬಿದ್ದ ಬೆನ್ನು. ಸಿಗರೇಟಿನಿಂದ ಸುಟ್ಟ ಅಂಗಾಲು. ಕಿತ್ತುಹೋದ ಕೂದಲಿನ ನೆತ್ತಿ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಲ್ಲಿದೆಯೇ ನಿಂದು?" ಎಂದು ಹೆಂಡತಿಯತ್ತ ತಿರುಗಿ ಮತ್ತೆ ನಕ್ಕ. "ನಿನ್ನ ತೋಳು ನೋಡೋಕೆ ಯಾರಿಗೆ ಪುರುಸೊತ್ತಿದೆ? ಸುಮ್ನೆ ನನ್ನ ಕೈಲಿ ಏಟು ತಿಂದೆ." ನಗುತ್ತಲೇ ಇನ್ನೊಂದು ಸಲ ಒತ್ತಿದ.

ಒಂದು ಕೈ ಬಂತು. ಬಲಗೈ. ಮಣಿಕಟ್ಟು ಊದಿ, ಸುತ್ತಲೂ ಹಿಡಿತದ ಅಚ್ಚು ಕಡುನೀಲಿಯಾಗಿತ್ತು. ಕಿರುಬೆರಳಿಗೆ ತುದಿಯಿರಲಿಲ್ಲ. ಹಳೆಯದು, ಉಗುರು ಬರುವ ಜಾಗದಲ್ಲೇ ಮೊಂಡಾಗಿ ಮುಗಿದಿತ್ತು.

ಅವನ ಬೆರಳು ಗುಂಡಿಯ ಮೇಲೇ ನಿಂತಿತು.

"ಇದು ಯಾರ್ದು?"

ಆ ಹೆಂಗಸು ಬಂದದ್ದು ಸಿಸ್ಟರಿಗೆ ಚೆನ್ನಾಗಿ ನೆನಪಿತ್ತು, ಯಾರೆಂದು ಮಾತ್ರ ಗೊತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಜಾರಿದೆ ಅಂದಿದ್ದಳು.

"ಇದು ನನ್ನ ತಂಗಿ ಕೈ" ಎಂದ ಅವನು. ದನಿ ಬೇರೆಯಾಗಿತ್ತು. "ಬೆರಳು ಬಾಗಿಲಿಗೆ ಸಿಕ್ಕಿದ್ದು. ಬಾಗಿಲು ಹಾಕಿದ್ದು ನಾನೇ. ಚಿಕ್ಕೋರು ನಾವು." ಪರದೆಯ ಹತ್ತಿರ ಬಗ್ಗಿ, ಆ ಮೊಂಡು ಬೆರಳನ್ನು ತನ್ನ ಬೆರಳಿನಿಂದ ಮುಟ್ಟಿದ. ಆಮೇಲೆ ಚಿಲಕ ತೆಗೆದು, ಬಾಗಿಲು ಗೋಡೆಗೆ ಅಪ್ಪಳಿಸುವ ಹಾಗೆ ದೂಡಿ, ಓಡಿದ.

"ತಂಗಿ ಗಂಡನ್ನ ಕೊಂದೇ ಬಿಡ್ತಾರೆ" ಎಂದಳು ಇಸ್ತ್ರಿಯಕ್ಕ.

ಸಿಸ್ಟರ್ ಡ್ರೆಸಿಂಗ್ ಚೀಲ ಎತ್ತಿಕೊಂಡು ಓಡುತ್ತಲೇ ಪೊಲೀಸರಿಗೆ ಫೋನು ಮಾಡಿದಳು. ಗಂಟಲಿನಿಂದ ಮಾತು ಹೊರಡದೆ, ತಂಗಿಯ ಗಂಡನ ಟೈರ್ ಅಂಗಡಿಯ ವಿಳಾಸವನ್ನು ಇಸ್ತ್ರಿಯಕ್ಕನೇ ಫೋನು ಕಸಿದುಕೊಂಡು ಹೇಳಿದಳು. ತೊಳೆಯಲೆಂದು ನಿಲ್ಲಿಸಿದ್ದ ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದೇ ಇತ್ತು. ಗಾಡಿ ಹೊರಡುವ ಹೊತ್ತಿಗೆ ಇಬ್ಬರೂ ಹತ್ತಿಬಿಟ್ಟರು. ತಡೆಯಬಹುದು ಎಂದುಕೊಂಡಿದ್ದರೋ, ಕಡೆಗೆ ಬ್ಯಾಂಡೇಜಾದರೂ ಕಟ್ಟಬಹುದು ಎಂದುಕೊಂಡಿದ್ದರೋ, ಸಿಸ್ಟರಿಗೆ ಆಮೇಲೆ ಯೋಚಿಸಿದರೂ ತಿಳಿಯಲಿಲ್ಲ.

ಅವನು ಸೈರನ್ ಹಾಕಿದ. ಯಾರದೋ ಜೀವ ಉಳಿಸಲು ಹೋಗುತ್ತಿದ್ದಾರೆಂದು ಬಸ್ಸುಗಳು ಪಕ್ಕಕ್ಕೆ ಸರಿದವು, ಜನ ಕೈಯೆತ್ತಿ ಜನರನ್ನು ತಡೆದು ದಾರಿ ಮಾಡಿಕೊಟ್ಟರು. ಸಿಸ್ಟರ್ ನಡುವಿನ ಗಾಜನ್ನು ಗುದ್ದಿ ಗುದ್ದಿ ಕೂಗಿದಳು. ಅವನ ಹಿಂದಲೆ ಅಲುಗಲಿಲ್ಲ.

ಟೈರ್ ಅಂಗಡಿಯವನು ಸ್ಟೂಲಿನ ಮೇಲೆ ಕೂತು, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕುತ್ತಿದ್ದ. ಗಾಡಿ ನಿಂತದ್ದು ನೋಡಿ, "ಏನ್ ಭಾವ, ಪಂಕ್ಚರಾ?" ಎಂದ. ಆ ಮಾತೇ ಕೊನೆ. ಗೋಡೆಗೆ ಒರಗಿಸಿಟ್ಟಿದ್ದ ಟೈರ್ ಬಿಚ್ಚುವ ಸಲಾಕೆ ಸೈರನ್ ಕೈಗೆ ಬಂದಿತ್ತು. ಮೊದಲ ಏಟು ಮೊಣಕೈಗೆ, ಎರಡನೆಯದು ಮಂಡಿಗೆ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಬಿದ್ದವನ ಕೊರಳಪಟ್ಟಿ ಹಿಡಿದು ಮುಖವನ್ನು ತೊಟ್ಟಿಗೆ ಅದ್ದಿದ, ಎತ್ತಿದ, ಮತ್ತೆ ಅದ್ದಿದ. ನೀರು ಗುಳುಗುಳು ಎಂದಿತು. ತೊಟ್ಟಿ ಕೆಂಪಾಯಿತು.

"ಹೆಣ್ಣಿನ ಮೇಲೆ ಕೈ ಮಾಡ್ತೀಯ? ನನ್ನ ತಂಗಿ ಮೇಲೆ ಕೈ ಮಾಡ್ತೀಯ?"

ಸಿಸ್ಟರ್ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ಕೊಡವಿದ ರಭಸಕ್ಕೆ ಟೈರುಗಳ ರಾಶಿಯ ಮೇಲೆ ಹೋಗಿ ಬಿದ್ದಳು. ರಸ್ತೆಯಲ್ಲಿ ಜನ ಸೇರಿದ್ದರು. ಯಾರೂ ಹತ್ತಿರ ಬರಲಿಲ್ಲ. ಎಷ್ಟಾದರೂ ಆಂಬುಲೆನ್ಸಿನವನು, ಏನೋ ಕಾರಣ ಇದ್ದೀತು ಎನ್ನುವ ಮುಖ ಮಾಡಿಕೊಂಡು ನಿಂತಿದ್ದರು.

ಅಂಗಡಿಯ ಮೇಲೆಯೇ ಮನೆ. ಮೆಟ್ಟಿಲಿಳಿದು ತಂಗಿ ಬಂದಳು. ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದಳು.

"ಅಣ್ಣ, ಬಿಡೋ!"

"ಇವನು ತಾನೆ ನಿನ್ನ ಕೈ ಮುರಿದಿದ್ದು? ಹೇಳು!"

"ಯಾರು ಹೇಳಿದ್ರು ನಿಂಗೆ?"

"ಹೇಳೋದೇನು, ನನ್ನ ಕಣ್ಣಾರೆ ನೋಡ್ದೆ. ಆಸ್ಪತ್ರೆ ಕಂಪ್ಯೂಟರಲ್ಲಿ."

ತಂಗಿಯ ಕಣ್ಣು ಸಿಸ್ಟರನ್ನು ಹುಡುಕಿತು. ಟೈರುಗಳ ನಡುವೆ ಏಳಲಾರದೆ ಕೂತಿದ್ದ ಸಿಸ್ಟರ್ ಆ ನೋಟವನ್ನು ಎದುರಿಸಲಾಗದೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಸೈರನ್, ನೆಲದ ಮೇಲಿದ್ದವನ ತಲೆಗೆ ಗುರಿಯಿಟ್ಟು ಸಲಾಕೆಯನ್ನು ಎರಡೂ ಕೈಯಿಂದ ಎತ್ತಿದ. ತಂಗಿ ಅಂಗಡಿಯ ಮುಂದೆ ನಿಂತಿದ್ದ ಕಾರಿನ ಕೆಳಗಿದ್ದ ಜಾಕಿನ ಹಿಡಿಯನ್ನು ಕಿತ್ತುಕೊಂಡು ಅಣ್ಣನ ಕಿವಿಯ ಹಿಂದೆ ಬೀಸಿದಳು. ಅವನು ಒಂದು ಸಲ ತಿರುಗಿ ಅವಳ ಮುಖ ನೋಡಿದ. ಅವಳು ಇನ್ನೊಂದು ಬೀಸಿದಳು. ಅವನು ಕಡಿದ ಮರದ ಹಾಗೆ ತಂಗಿಯ ಗಂಡನ ಪಕ್ಕದಲ್ಲೇ ಉರುಳಿದ.

"ನನ್ನ ಗಂಡನ್ನ ನಾನು ನೋಡ್ಕೋತಿದ್ದೆ" ಎಂದಳು ತಂಗಿ, ಬಿದ್ದವನಿಗೇ ಹೇಳುವ ಹಾಗೆ. ಏದುಸಿರು ಬಿಡುತ್ತಿದ್ದಳು. "ನಿನ್ನ ಯಾರು ಕರೆದಿದ್ರು?"

ಆಮೇಲಿನದೆಲ್ಲ ಕೆಲಸ. ಕೆಲಸ ಎಂದರೆ ಸಿಸ್ಟರಿನ ಕೈ ತಾನಾಗಿಯೇ ಓಡುತ್ತಿತ್ತು. ಮಂಡಿ ಚಿಪ್ಪು ಒಡೆದವನನ್ನು ಸ್ಟ್ರೆಚರಿಗೆ, ತಲೆ ಒಡೆದವನನ್ನು ಗಾಡಿಯ ನೆಲಕ್ಕೆ. ಗ್ರಾಹಕರ ಕಾರುಗಳನ್ನು ತಂದು ಬಿಡುವ ಕೆಲಸ ತಂಗಿಯದೇ ಆದ್ದರಿಂದ ಅವಳೇ ಸ್ಟಿಯರಿಂಗ್ ಹಿಡಿದಳು. ಒದ್ದೆ ಟವೆಲು ಎಲ್ಲೋ ಬಿದ್ದುಹೋಗಿತ್ತು. ಹಿಂದೆ, ಇಸ್ತ್ರಿಯಕ್ಕ ಸ್ಟ್ರೆಚರಿನ ಮೇಲಿನವನ ಕೆನ್ನೆಗೆ ಎರಡೂ ಕೈಯಿಂದ ಹತ್ತಿ ಒತ್ತಿಕೊಂಡು ಕೂತಿದ್ದಳು. ಅವಳ ಪಾದದ ಹತ್ತಿರವೇ ಗಂಡನ ತಲೆಯಿಂದ ರಕ್ತ ಹರಿದು ಚಪ್ಪಲಿ ನೆನೆಯುತ್ತಿತ್ತು.

"ಅಲ್ಲಿ ಬಿಡಿ, ಇವರದ್ದು ಒತ್ತಿ ಹಿಡೀರಿ" ಎಂದಳು ಸಿಸ್ಟರ್, ಡ್ರಿಪ್ಪಿನ ಸೂಜಿ ಚುಚ್ಚುತ್ತ.

"ನನ್ನ ಕೈ ಖಾಲಿ ಇಲ್ಲ ಸಿಸ್ಟರ್" ಎಂದಳು ಇಸ್ತ್ರಿಯಕ್ಕ.

ಸಿಸ್ಟರ್ ತಾನೇ ಬಗ್ಗಿ, ಮಂಡಿಯಿಂದ ಬಟ್ಟೆಯುಂಡೆಯನ್ನು ಅವನ ತಲೆಗೆ ಒತ್ತಿ ಹಿಡಿದಳು. ತನ್ನ ಕುತ್ತಿಗೆ ಹಿಸುಕಿದ ಕೈ ಅಲ್ಲೇ ಅಂಗಾತ ಬಿದ್ದಿತ್ತು. ಒಂದು ತಿರುವಿನಲ್ಲಿ ಮಂಡಿ ಜಾರಿತು. ಸರಿಯಾಗಿ ಇಡಲು ಒಂದು ಕ್ಷಣ ತಡವಾಯಿತು. ಆ ತಡ ತಿರುವಿನಿಂದ ಆದದ್ದೋ ತನ್ನಿಂದ ಆದದ್ದೋ ಎಂದು ಅವಳು ಯಾರಿಗೂ ಹೇಳಲಿಲ್ಲ.

ಇಬ್ಬರೂ ಬದುಕಿದರು. ಪೊಲೀಸರು ಅಂಗಡಿಗೆ ಹೋಗಿ, ಯಾರೂ ಇಲ್ಲದೆ, ಆಸ್ಪತ್ರೆಗೆ ಬಂದರು. ತಂಗಿ ಕೇಳುವ ಮುಂಚೆಯೇ "ಅಣ್ಣನಿಗೆ ಹೊಡೆದಿದ್ದು ನಾನು" ಎಂದು ಹೇಳಿದಳು. ನೋಡಿದವರೂ ಹಾಗೆ ಹೊಡೆಯದಿದ್ದರೆ ಒಂದು ಹೆಣ ಬೀಳುತ್ತಿತ್ತು ಎಂದರು. ಹೇಳಿಕೆ ಬರೆಸಿ ಬಂದವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಸಿಸ್ಟರ್ ಹೋಗಿ ಪಕ್ಕದಲ್ಲಿ ನಿಂತಳು.

"ಮುಖ ಬರಲ್ಲ ಅಂದಿದ್ರಿ" ಎಂದಳು ತಂಗಿ.

"ಬಂದಿಲ್ಲ."

"ಗೊತ್ತಿರೋರಿಗೆ ಕೈನೂ ಮುಖಾನೇ ಅಲ್ವಾ ಸಿಸ್ಟರ್?"

ಒಬ್ಬಳನ್ನು ಕಾಪಾಡಿದೆನೆಂದು ಟೀ ಕುಡಿಯಲು ಹೊರಟಿದ್ದೆನಲ್ಲ ಎಂದು ಸಿಸ್ಟರಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಮುಖ್ಯ ಡಾಕ್ಟರು ಮರುದಿನ ಕರೆಸಿದರು. ಬೈಯಲಿಲ್ಲ. "ಫೋಟೋ ಒಂದೂ ಇರಬಾರದು. ಸಭೆ ಬೇಕಾದ್ರೆ ಮಾಡಿ, ಬೇಡ ಅಂದ್ರೂ ಸರಿ" ಎಂದರು. ಅವಳು ಫೈಲು ತೆರೆದು ಕೂತಳು. ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಸಲ ಅಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಒಂದೊಂದನ್ನೇ ತೆರೆದು ನೋಡಿ, ಒಂದೊಂದನ್ನೇ ತೆಗೆದಳು. ಕಿರುಬೆರಳಿನ ಕೈಯನ್ನು ಮೊದಲು ತೆಗೆದಳು. ಈ ಸಲ ಗಾಯ ನೋಡಲಿಲ್ಲ, ಬೇರೆ ಎಲ್ಲವನ್ನೂ ನೋಡಿದಳು. ಬಾಗಿದ ಹೆಬ್ಬೆರಳು, ಸುಣ್ಣದ ಕಲೆ, ಕಚ್ಚಿಕೊಂಡ ಉಗುರು. ಎಷ್ಟು ಜನರ ಮುಖಗಳನ್ನು ತಾನು ಗೋಡೆಯಗಲ ಮಾಡಿ ತೋರಿಸಲು ಹೊರಟಿದ್ದೆ! ಅಳಿಸುತ್ತ ಹೋದಂತೆ ಎಡಗಡೆಯ ಪಟ್ಟಿ ಕುಗ್ಗುತ್ತ ಬಂದು, ಶೀರ್ಷಿಕೆ ಒಂದೇ ಉಳಿಯಿತು.

ಶುಕ್ರವಾರ ಸಭೆಗೆ ಹಿಂದೆಂದೂ ಬಾರದಷ್ಟು ಜನ ಬಂದಿದ್ದರು. ಕುತೂಹಲ ಎಲ್ಲರಿಗೂ. ಪರದೆಯ ಮೇಲೆ ಬಿಳಿ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಸಿಸ್ಟರಿನ ದನಿ ಇನ್ನೂ ಸರಿಹೋಗಿರಲಿಲ್ಲ, ಒಡೆದ ಕೊಳಲಿನ ಹಾಗೆ ಗಾಳಿ ಬರುತ್ತಿತ್ತು. ಅವಳು ಕುತ್ತಿಗೆಗೆ ಸುತ್ತಿದ್ದ ವಸ್ತ್ರ ತೆಗೆದು, ಆ ಬೆಳಕಿನೊಳಗೆ ಬಂದು ನಿಂತಳು.

"ಹತ್ತಿರ ಬಂದು ನೋಡಿ" ಎಂದಳು. "ಇದು ಹೆಬ್ಬೆರಳು. ಈ ಕಡೆ ಉಳಿದ ಬೆರಳುಗಳು. ಒಂದು ಕೈಯಲ್ಲಿ ಹಿಡಿದಿದ್ದು. ಮೊದಲ ದಿನ ಕೆಂಪಿತ್ತು, ಈಗ ಹಳದಿಗೆ ತಿರುಗ್ತಿದೆ. ನಾಳೆ ಯಾರಾದ್ರೂ ಹೀಗೆ ಬಂದು ಬಿದ್ದೆ ಅಂದ್ರೆ, ಬಾಗಿಲು ಹಾಕಿ, ಇನ್ನೊಂದು ಸಲ ಕೇಳಿ. ಕೂಗಾಡ್ಬೇಡಿ, ಯಾರಿಗೂ ಹೇಳ್ಬೇಡಿ. ಮೊದಲು ಕೇಳಿ."

ಯಾರೂ ತಕ್ಷಣ ಏಳಲಿಲ್ಲ. ಕಂಪ್ಯೂಟರ್ ಹುಡುಗ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ಕಡೆಗೆ ಹೆರಿಗೆ ವಾರ್ಡಿನ ವಯಸ್ಸಾದ ಆಯಾ ಎದ್ದು ಬಂದು, ಕನ್ನಡಕ ಹಾಕಿಕೊಂಡು, ಹತ್ತಿರದಿಂದ ನೋಡಿದಳು. ಅವಳ ಹಿಂದೆ ಸಾಲು ನಿಂತಿತು.

ಸೈರನ್ ತಲೆಯ ಹೊಲಿಗೆ ಬಿಚ್ಚುವ ದಿನ ಬಂತು. ಬಾಗಿಲಲ್ಲಿ ಪೊಲೀಸಿನವನು ಕೂತಿದ್ದ. ಬೇರೆಯವರನ್ನು ಕಳಿಸುತ್ತೇನೆ ಎಂದು ಮುಖ್ಯ ಡಾಕ್ಟರು ಹೇಳಿದ್ದರೂ ಸಿಸ್ಟರ್ ತಾನೇ ಹೋದಳು. ಒಂದು ಕಿವಿ ಕೇಳಿಸದಾಗಿದ್ದರಿಂದ ಅವನು ತಲೆ ಓರೆ ಮಾಡಿ ಕೂತಿದ್ದ. ಅವಳ ಕುತ್ತಿಗೆಯತ್ತ ನೋಡಲಿಲ್ಲ.

"ತಂಗಿ ನೋಡೋಕೂ ಬರಲಿಲ್ಲ" ಎಂದ. "ಅವಳಿಗೋಸ್ಕರ ತಾನೆ ನಾನು ಹೋಗಿದ್ದು. ಆ ಕೈ ನೋಡಿದ ತಕ್ಷಣ ನನ್ನ ರಕ್ತ ಕುದೀತು ಸಿಸ್ಟರ್. ಏನು ಮಾಡ್ಲಿ?"

ಅವಳು ಚಿಮುಟದಿಂದ ಮೊದಲ ದಾರ ಎತ್ತಿ ಕತ್ತರಿಸಿದಳು. "ಅದರಲ್ಲಿ ನಿಮ್ಮ ಹೆಂಡ್ತಿ ತೋಳೂ ಇತ್ತು. ನೀವು ಬರೋಕೆ ಮುಂಚೆ ತೆಗೆದಿದ್ದೆ."

ಎರಡನೆಯ ದಾರವನ್ನೂ ಎತ್ತಿ ಕತ್ತರಿಸಿದಳು.

"ಅದನ್ನ ನೋಡಿದ್ರೆ ಏನು ಕುದೀತಿತ್ತು?"

ಅವನು ನಿಜಕ್ಕೂ ಯೋಚಿಸಿದ. ಹಣೆ ಸುಕ್ಕುಗಟ್ಟಿತು. ಆಮೇಲೆ, ತಿಳಿಯದವರಿಗೆ ತಿಳಿಸುವ ದನಿಯಲ್ಲಿ, "ಅದು ಬೇರೆ ವಿಷ್ಯ ಅಲ್ವಾ ಸಿಸ್ಟರ್" ಎಂದ.

ಕತ್ತರಿಯ ಮೊನೆ ಅವನ ನೆತ್ತಿಯ ಮೇಲಿತ್ತು. ಒಳಗೆ ಒತ್ತಬೇಕೆನ್ನಿಸಿದ್ದು ಸುಳ್ಳಲ್ಲ. ಅವಳು ಒತ್ತಲಿಲ್ಲ. ಉಳಿದ ದಾರಗಳನ್ನು ತೆಗೆದು, ಔಷಧ ಸವರಿ, ಎದ್ದಳು.

"ಮನೆಯವಳು ಹೇಗಿದ್ದಾಳೆ?" ಎಂದು ಅವನು ಹಿಂದಿನಿಂದ ಕೇಳಿದ.

"ಕೆಲಸಕ್ಕೆ ಬರ್ತಿದ್ದಾರೆ. ಈಗ ನಿಮ್ಮ ತಂಗಿ ಜೊತೆ ಇದ್ದಾರೆ, ಅಂಗಡಿ ಮೇಲೆ."

"ಅವಳ ಗಂಡ?"

"ಕಾಲಿಗೆ ಪ್ಲಾಸ್ಟರ್ ಹಾಕಿದೆ. ತಾಯಿ ಮನೇಲಿದ್ದಾರೆ. ಅಂಗಡಿಗೆ ಬರಬೇಡ ಅಂತ ನಿಮ್ಮ ತಂಗಿ ಹೇಳಿದ್ದಾರಂತೆ."

ಅವನು ಕೇಳಿಸದ ಕಿವಿಯನ್ನು ಇತ್ತ ಮಾಡಿ ಕೂತಿದ್ದ. ಎಷ್ಟು ಕೇಳಿಸಿತೋ. ಅವಳು ತಟ್ಟೆ ಎತ್ತಿಕೊಂಡು ಹೊರಬಂದು, ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದಳು.